ಎಳ್ಳಮಾವಾಸ್ಯೆಯ ಗೇಜ್ ಡ್ಯೂಟಿ

ಸುಳ್ಳು ಹೇಳಲೇಬೇಕೆಂದಿದ್ದರೆ ಹೆಂಡತಿಯ ಮುಂದೆ ಹೇಳಬೇಕು, ತಾಯಿಯ ಮುಂದೆ ಹೇಳಬಾರದು ಎಂಬುದು ನನ್ನ ಅನುಭವದ ಮಾತು. ಹೆಂಡತಿ ನಂಬುವುದಿಲ್ಲ, ಒಂದು ಸಲ ಮುಖ ನೋಡಿ, ಹೂಂ ಅಂದು ಒಲೆಯ ಕಡೆ ತಿರುಗುತ್ತಾಳೆ, ಅಲ್ಲಿಗೆ ಮುಗಿಯಿತು. ತಾಯಿ ಹಾಗಲ್ಲ. ಆಕೆ ಪೂರಾ ನಂಬಿದಂತೆ ಮಾಡಿ, ನನ್ನ ಮಗನಿಗೆ ಎಂಥ ಕಷ್ಟ ಎಂದು ಲೊಚಗುಟ್ಟಿ, ಕೊನೆಗೆ ಸಹಾಯಕ್ಕೆಂದು ಸೆರಗು ಕಟ್ಟಿ ಜೊತೆಗೇ ಹೊರಟುಬಿಡುತ್ತಾಳೆ. ಆಮೇಲೆ ಆ ಸುಳ್ಳನ್ನು ಹೊತ್ತುಕೊಂಡು ನಡೆಯಬೇಕಾದವರು ನಾವೇ.

ಆಗ ನಾನು ಚಿಂಚೋಳಿಯಲ್ಲಿ ನೀರಾವರಿಯ ಒಂದು ಸಣ್ಣ ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ನಮ್ಮದು ಎರಡು ಹೊತ್ತು ಲಿಂಗಪೂಜೆ ನಡೆಯುವ ಮನೆ. ಪಕ್ಕದ ಮನೆಯವರು ತತ್ತಿ ತಂದರೆಂದು ಗೊತ್ತಾದರೆ ಅವ್ವ ನಮ್ಮ ಅಂಗಳ ತೊಳೆಯುತ್ತಿದ್ದಳು. ಇಂಥ ಮನೆಯಲ್ಲಿ ಹುಟ್ಟಿದ ನನಗೆ ಅದು ಹೇಗೋ ಮೀನು ಹಿಡಿಯುವ ಚಟ ಅಂಟಿತ್ತು. ತಿನ್ನುವ ಚಟವಲ್ಲ, ದಯವಿಟ್ಟು ನಂಬಬೇಕು, ಹಿಡಿಯುವ ಚಟ ಮಾತ್ರ. ರವಿವಾರ ಬಂತೆಂದರೆ ಚಂದ್ರಂಪಳ್ಳಿ ಡ್ಯಾಮಿಗೆ ಹೋಗಿ, ಹರಿಗೋಲಿನಲ್ಲಿ ಒಬ್ಬನೇ ಕೂತು ಗಾಳ ಬಿಟ್ಟರೆ ಫೈಲು, ಸಾಹೇಬರು, ಸಂಸಾರ ಯಾವುದೂ ನೆನಪಾಗುತ್ತಿರಲಿಲ್ಲ. ಸಿಕ್ಕ ಮೀನು ಡ್ಯಾಮಿನ ಗೇಟು ನೋಡಿಕೊಳ್ಳುವ ಮೌಲಾಭಾಯಿಯ ಮನೆಗೆ. ನಮ್ಮ ಮನೆಗೆ ಮಾತ್ರ 'ಗೇಜ್ ಡ್ಯೂಟಿ', ಅಂದರೆ ನೀರು ಎಷ್ಟು ಅಡಿ ಇದೆ ಎಂದು ನೋಡಿ ಬರುವ ಸರಕಾರಿ ಕೆಲಸ. ಮೂರು ವರ್ಷ ಈ ಹೆಸರಿನಲ್ಲಿ ನಾನು ಸುಖವಾಗಿದ್ದೆ.

ಆ ವರ್ಷ ಮೌಲಾಭಾಯಿಯ ಮಗಳನ್ನು ನೋಡಲು ತಾಂಡೂರಿನಿಂದ ಬೀಗರಾಗುವವರು ಬರುವ ದಿನ ನಿಶ್ಚಯವಾಯಿತು. ಅವರ ಮನೆಯಲ್ಲಿ ಚಹಾ ಕುಡಿಯುತ್ತ ಕೂತಿದ್ದ ನಾನು ಭಾರೀ ಗತ್ತಿನಿಂದ, "ಮಧ್ಯಾಹ್ನದ ಊಟಕ್ಕ ಮೀನು ನನ್ನ ಜವಾಬ್ದಾರಿ, ಭಾಯಿ" ಎಂದುಬಿಟ್ಟೆ. ಮೌಲಾಭಾಯಿ ಸಾಧು ಮನುಷ್ಯ. "ಬಸಣ್ಣಾ, ನೀವು ಜಬಾನ್ ಕೊಟ್ರಿ ಅಂದ್ರ ಮುಗೀತು. ನಾ ಬಜಾರಕ್ಕ ಹೋಗಂಗಿಲ್ಲ ನೋಡ್ರಿ" ಎಂದರು. ಮನೆಗೆ ಬಂದು ಪಂಚಾಂಗ ನೋಡಿದರೆ ಅದೇ ದಿನ ಎಳ್ಳಮಾವಾಸ್ಯೆ. ನಮ್ಮ ಕಡೆ ಆವತ್ತು ಊರಲ್ಲಿ ಯಾರೂ ಉಳಿಯುವುದಿಲ್ಲ. ಸಜ್ಜೆಯ ಕಡಬು, ಕಾಳು-ಕಾಯಿಪಲ್ಲೆ ಕೂಡಿಸಿ ಬೇಯಿಸಿದ ಭಜ್ಜಿ, ರೊಟ್ಟಿ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಮೊದಲು ಬೆಳೆಗೆ ಉಣ್ಣಿಸಿ, ಅಂದರೆ ಸುತ್ತಲೂ ಚರಗ ಚೆಲ್ಲಿ, ಆಮೇಲೆ ತಾವು ಉಣ್ಣಬೇಕು. ನಮ್ಮ ಹೊಲ ಶಹಾಬಾದ ಕಡೆ. ಹೋದರೆ ಎರಡು ದಿನ ಹಾಳು, ಮೌಲಾಭಾಯಿಗೆ ಕೊಟ್ಟ ಮಾತು ಹಾಳು. ಅದಕ್ಕೇ ಅವ್ವನ ಮುಂದೆ ಕೂತು, "ಈ ಸಲ ಹಬ್ಬದ ದಿನಾನೂ ಗೇಜ್ ಡ್ಯೂಟಿ ಹಾಕ್ಯಾರ ಅವ್ವಾ" ಎಂದು ನಿಟ್ಟುಸಿರು ಬಿಟ್ಟೆ.

"ಹಬ್ಬದ ದಿನಾನೂ ಏನು? ಆ ಸಾಯೇಬಗ ಮನಿ ಮಠ ಇಲ್ಲೇನು?" ಎಂದಳು ಅವ್ವ. ಸ್ವಲ್ಪ ಯೋಚಿಸಿ, "ಹೋಗ್ಲಿ ಬಿಡು. ನಾವೇ ನಿನ್ನ ಡ್ಯೂಟಿಗಿ ಬರ್ತೀವಿ. ಹೊಲಕ್ಕ ನೀರ ಕೊಡಾಕಿ ಆ ಗಂಗವ್ವ, ಆಕಿಗೇ ಚರಗ ಚೆಲ್ಲಿದ್ರಾತು" ಎಂದಳು. ನಾನು ಕಾಡು, ಬಿಸಿಲು, ನಡಿಗೆ, ಹಾವು ಎಲ್ಲ ಹೇಳಿ ನೋಡಿದೆ. ಏನು ಹೇಳಿದರೂ ಅವ್ವ, "ಅಂಥಾ ಜಾಗಕ್ಕ ನೀ ಒಬ್ಬನೇ ಹೋಗ್ಲಿಕತ್ತಿ ನೋಡು" ಎಂದು ಮರುಗಿದಳು. ನನ್ನ ಹೆಂಡತಿ ಗಿರಿಜಾ ಆಗಲೇ ದೊಡ್ಡ ಬುಟ್ಟಿ ಇಳಿಸಿದಳು.

ಹಬ್ಬದ ಮುಂಜಾನೆ ಮೊದಲನೆಯ ಪೆಟ್ಟು ಅಡುಗೆಮನೆಯಲ್ಲೇ ಬಿತ್ತು. ಗಾಳಕ್ಕೆ ಸಿಗಿಸಲೆಂದು ಗೋಧಿ ಹಿಟ್ಟಿಗೆ ಬೆಲ್ಲ, ಇಂಗು ಹಾಕಿ ನಾದಿ ಕೊಡದ ಹಿಂದೆ ಬಚ್ಚಿಟ್ಟಿದ್ದೆ. ಇಂಗಿನ ವಾಸನೆಗೆ ಮೀನು ದೂರದಿಂದ ಬರುತ್ತದೆಂದು ಬಲ್ಲವರು ಹೇಳಿದ್ದರು. ನೋಡಿದರೆ ಹಿಟ್ಟಿಲ್ಲ. "ಅದು ನೀವು ನಾದಿಟ್ಟಿದ್ದೇನ್ರಿ?" ಎಂದಳು ಗಿರಿಜಾ. "ಹಬ್ಬದ ಗಡಿಬಿಡಿಗಿ ಒಂದ್ ಕೆಲಸಾನರ ಮಾಡ್ಯಾರಲಾ ಅಂತ ಚಪಾತಿ ಮಾಡೀನಿ. ಅತ್ತಿ ಒಂದು ತಿಂದು ಛಲೋ ಆಗ್ಯಾವ ಅಂದ್ರು." ಮೂರು ವರ್ಷದಲ್ಲಿ ಆ ಹಿಟ್ಟನ್ನು ಒಂದು ಮೀನೂ ಹೊಗಳಿರಲಿಲ್ಲ. ಬುತ್ತಿಯಿಂದ ಎರಡು ಚಪಾತಿ ಕದ್ದು ಜೇಬಿಗೆ ಹಾಕಿಕೊಂಡೆ.

ಬಸ್ಸಿಳಿದು ನಡೆದು ಡ್ಯಾಮು ಮುಟ್ಟುವ ಹೊತ್ತಿಗೆ ಬಿಸಿಲೇರಿತ್ತು. ಮೀನು ಗಾಳ ಕಚ್ಚುವ ಹೊತ್ತು ಮೀರುತ್ತ ಬಂದಿತ್ತು. ಆರು ವರ್ಷದ ಮಗಳು ಸುಮಿ ಆಗತಾನೇ ಅಂಕಿ ಕಲಿತಿದ್ದಳು. ಕಟ್ಟೆಯ ಗೋಡೆಗೆ ದೊಡ್ಡದಾಗಿ ಬರೆದ ಗೇಜಿನ ಅಂಕಿಯನ್ನು ದಂಡೆಯಿಂದಲೇ ಗಟ್ಟಿಯಾಗಿ ಓದಿಬಿಟ್ಟಳು. "ಮುಗೀತಲ್ರಿ ನಿಮ್ಮ ಡ್ಯೂಟಿ" ಎಂದಳು ಗಿರಿಜಾ. ನಾನು, ತಳದಲ್ಲಿ ಹೂಳು ಎಷ್ಟು ತುಂಬಿದೆ ಎಂದು ನಡುನೀರಿಗೆ ಹೋಗಿ ದಾರ ಬಿಟ್ಟು ಅಳೆಯಬೇಕೆಂದೆ. "ದಾರದ ತುದಿಗಿ ಕೊಕ್ಕಿ ಯಾಕರಿ?" "ಹೂಳು ಹಿಡೀಲಿಕ್ಕ." "ಹೂಳಿಗಿ ಚಪಾತಿ ಯಾಕರಿ?" ಇಂಥ ಹೆಂಗಸರನ್ನು ಸರಕಾರ ತಪಾಸಣೆಗೆ ಯಾಕೆ ನೇಮಿಸುವುದಿಲ್ಲವೋ ನನಗೆ ತಿಳಿಯದು.

ನಾನೊಬ್ಬನೇ ಹೋಗಿ ಬರುತ್ತೇನೆಂದರೆ ಅವ್ವ ಒಪ್ಪಲಿಲ್ಲ. ನಡುನೀರಿಗೇ ಚರಗ ಚೆಲ್ಲಬೇಕಂತೆ. ಹರಿಗೋಲಿಗೆ ವಿಭೂತಿ ಹಚ್ಚಿ, ಕುಂಕುಮ ಇಟ್ಟು, ಕಾಯಿ ಒಡೆದು, ಗಂಗವ್ವನಿಗೆ ಉಡಿ ತುಂಬಿ ಮುಗಿಸುವಾಗ ಸೂರ್ಯ ಇನ್ನೂ ಒಂದು ಮಾರು ಮೇಲೆ ಬಂದ. ಕೊನೆಗೆ ನಾಲ್ವರೂ, ಬುಟ್ಟಿಯೂ ಹರಿಗೋಲಿನಲ್ಲಿ ಕೂತೆವು. ಒಬ್ಬನೇ ಇದ್ದಾಗ ಹೇಳಿದಂತೆ ಕೇಳುವ ಹರಿಗೋಲು ಆವತ್ತು ಇದ್ದಲ್ಲೇ ಗರಗರ ತಿರುಗತೊಡಗಿತು. ಅವ್ವ ಕೊರಳಿನ ಲಿಂಗವನ್ನು ಒಂದು ಕೈಯಲ್ಲಿ, ನನ್ನ ಕೊರಳಪಟ್ಟಿಯನ್ನು ಇನ್ನೊಂದು ಕೈಯಲ್ಲಿ ಹಿಡಿದಿದ್ದಳು. ಎರಡನೆಯದನ್ನು ಭಾಳ ಬಿಗಿಯಾಗಿ ಹಿಡಿದಿದ್ದಳು. ಜನ್ಮದಲ್ಲಿ ಹರಿಗೋಲು ಹತ್ತದ ಗಿರಿಜಾ, "ಆ ಕಡಿ ಹಾಕ್ರಿ ಹುಟ್ಟು, ಆ ಕಡಿ ಅಲ್ರಿ, ಈ ಕಡಿ" ಎಂದು ಕಲಿಸುತ್ತಿದ್ದಳು. ಸುಮಿ, "ಅಪ್ಪಾ, ಇನ್ನೊಮ್ಮಿ ತಿರುಗಸು" ಅನ್ನುತ್ತಿದ್ದಳು. ಕಟ್ಟೆಯ ಮೇಲೆ ಮೌಲಾಭಾಯಿ ಹಣೆಗೆ ಕೈ ಅಡ್ಡ ಹಿಡಿದು ನಿಂತಿದ್ದರು. ಅವರ ಮನೆಯಲ್ಲಿ ಮಸಾಲೆ ಅರೆದು ಇಟ್ಟಾಗಿತ್ತು.

ನಡುನೀರಿಗೆ ಬಂದು ನಾನು ದಾರ ಬಿಟ್ಟೆ. ಅವ್ವ ಬುಟ್ಟಿ ಬಿಚ್ಚಿದಳು. ನಾಲ್ಕೂ ದಿಕ್ಕಿಗೆ ಕೈತುಂಬ ಕಡಬಿನ ಚೂರು, ಜೋಳದ ಅನ್ನ, ಭಜ್ಜಿ. ಏನು ಹೇಳಲಿ! ಮೂರು ವರ್ಷ ನಾನು ಹುಡುಕಿದರೂ ಕಾಣದಿದ್ದ ಮೀನುಗಳೆಲ್ಲ ಬಂದುಬಿಟ್ಟವು. ಮೊಳದುದ್ದದವು, ಗುಂಪುಗುಂಪಾಗಿ, ಹರಿಗೋಲಿನ ಅಂಚಿಗೇ. ಸಜ್ಜೆಯ ಕಡಬು ಬಿಟ್ಟು ನನ್ನ ಇಂಗಿನ ಚಪಾತಿಯ ಕಡೆ ಒಂದೂ ತಿರುಗಿ ನೋಡಲಿಲ್ಲ. ನನಗೆ ಅಳುವೇ ಬಂತು. "ಸಾಕು ಅವ್ವಾ, ಬಿಡು ಇನ್ನ" ಎಂದು ಗದರಿದೆ. "ಉಣ್ಣಾವರ ಮುಂದ ಸಾಕು ಅನ್ನಬಾರದು" ಎಂದು ಅವ್ವ ಇನ್ನೊಂದು ಹಿಡಿ ಚೆಲ್ಲಿದಳು.

ಕೊನೆಗೆ, ಪಂಕ್ತಿಯಲ್ಲಿ ಜಾಗ ಸಿಗದ ಯಾವುದೋ ಮೀನು ಇರಬೇಕು, ನನ್ನ ದಾರ ಜಗ್ಗಿತು. ಮೈಮೇಲಿನ ಎಚ್ಚರ ತಪ್ಪಿ ಎಳೆದೇಬಿಟ್ಟೆ. ನನ್ನ ಜನ್ಮದಲ್ಲೇ ಅಷ್ಟು ದೊಡ್ಡ ಮೀನು ಹಿಡಿದಿರಲಿಲ್ಲ. ಅದು ಹಾರಿ ನೇರ ಅವ್ವನ ಮಡಿಲಿಗೆ ಬಿತ್ತು. ಕಟ್ಟೆಯ ಮೇಲೆ ಮೌಲಾಭಾಯಿ "ವಾಹ್!" ಎಂದು ಕೂಗಿದ್ದು ನೀರಿನ ಮೇಲೆ ತೇಲಿ ಬಂತು. ಅವ್ವ ಚೀರುತ್ತಾಳೆಂದು ಕಣ್ಣು ಮುಚ್ಚಿದೆ. ಅವ್ವ ಚೀರಲಿಲ್ಲ. ಸೆರಗಿನಿಂದ ಮೀನನ್ನು ಹಿಡಿದು, ಮಕ್ಕಳ ಕಾಲಿನ ಮುಳ್ಳು ತೆಗೆಯುವಷ್ಟು ಮೆಲ್ಲಗೆ ಕೊಕ್ಕೆ ಬಿಡಿಸಿ ನೀರಿಗೆ ಬಿಟ್ಟಳು. "ಉಣ್ಣಾಕ ಕರದು ಕುತ್ತಿಗಿ ಹಿಡೀತಾರೇನೋ ಬಸು? ಹಬ್ಬದ ದಿನ!" ಎಂದಳು. ಅಷ್ಟೇ.

ದಂಡೆಗೆ ಬಂದಾಗ ಮೌಲಾಭಾಯಿಯ ಮುಖ ನೋಡುವ ಧೈರ್ಯ ನನಗಿರಲಿಲ್ಲ. ತಾಂಡೂರಿನ ಜನ ಆಗಲೇ ಬಂದು ಕೂತಿದ್ದರು. ಮಗಳ ಸಂಬಂಧದ ದಿನ ಗೆಳೆಯನ ಮರ್ಯಾದೆ ಕಳೆದೆನಲ್ಲ ಎಂದು ನಿಜವಾಗಿಯೂ ಸಂಕಟವಾಯಿತು. ಅಷ್ಟರಲ್ಲಿ ಅವ್ವ ಬುಟ್ಟಿಯ ತಳದಿಂದ, ಬಿಳಿ ಅರಿವೆಯಲ್ಲಿ ಕಟ್ಟಿದ ಇನ್ನೊಂದು ದೊಡ್ಡ ಗಂಟು ತೆಗೆದು ಮೌಲಾಭಾಯಿಯ ಕೈಗಿಟ್ಟಳು. "ತಗೋ ತಮ್ಮಾ, ಬೀಗರಿಗಿ ಬಡಸು. ಇವನ ಮೀನ ನಂಬಿ ಕುಂತ್ರ ಅವರು ಉಪಾಸ ಹೋಗ್ತಾರ ಅಂತ ರಾತ್ರೇ ಕಟ್ಟಿಟ್ಟಿದ್ದೆ." ಬೀಗರು ಕಡಬನ್ನು ಎರಡೆರಡು ಸಲ ಕೇಳಿ ಹಾಕಿಸಿಕೊಂಡು, ಸಂಬಂಧ ಒಪ್ಪಿಕೊಂಡು ಹೋದರು.

ಬಸ್ಸಿಗೆ ಕಾಯುತ್ತ ನಿಂತಾಗ ತಡೆಯಲಾರದೆ ಕೇಳಿದೆ, ಮೀನಿನ ಸುದ್ದಿ ನಿನಗೆ ಯಾವಾಗಿನಿಂದ ಗೊತ್ತು ಎಂದು. "ಮೌಲಾನ ಹೆಂಡತಿ ಸಂತ್ಯಾಗ ಭೆಟ್ಟಿ ಆದಾಗೊಮ್ಮಿ ಹೇಳ್ತಾಳಲೋ. ಆಕಿ ಹೇಳದಿದ್ರೂ ನಿನ್ನ ಅಂಗಿ ಹೇಳ್ತಿತ್ತು" ಎಂದಳು ಅವ್ವ. ನಾನು ತಲೆ ತಗ್ಗಿಸಿ, ಪಾಪಿಗೆ ತಕ್ಕ ಬೈಗುಳಕ್ಕಾಗಿ ಕಾದೆ. ಗಿರಿಜಾ ಬಾಯಿ ಹಾಕಿದಳು: "ನಿತ್ಯ ಒಗ್ಯಾಕಿ ನಾ ಇದೀನಲ್ರಿ ಅತ್ತಿ. ಮೂರು ವರ್ಷದಾಗ ಅಂಗಿಗಿ ಮೀನಿನ ವಾಸನಿ ಬಂದಿದ್ದು ಎರಡೇ ಸಲ." ಅದಕ್ಕೇ ಅವರಿಬ್ಬರೂ ಸುಮ್ಮನಿದ್ದರಂತೆ, ನನ್ನಿಂದ ಮೀನಿಗೇನೂ ಭಯವಿಲ್ಲ ಎಂದು.

ಆಮೇಲೆ ನಾನು ಸುಳ್ಳು ಹೇಳುವುದನ್ನು ಬಿಟ್ಟೆ, ಡ್ಯಾಮಿಗೆ ಹೋಗುವುದನ್ನು ಬಿಡಲಿಲ್ಲ. ಈಗ ರವಿವಾರ ಚಪ್ಪಲಿ ಮೆಟ್ಟುವಾಗ ಅವ್ವ ತಾನಾಗಿ ಒಂದು ಚೀಲ ಚುರುಮುರಿ ತಂದು ಕೈಗೆ ಕೊಡುತ್ತಾಳೆ. "ಬರಾಗಂತೂ ಬರೀ ಕೈಲೇ ಬರ್ತಿ. ಹೋಗಾಗರ ಏನರ ಒಯ್ಯಿ ಯಪ್ಪಾ, ಪಾಪ ಅವು ದಾರಿ ಕಾಯ್ತಿರ್ತಾವ" ಅನ್ನುತ್ತಾಳೆ. ನಾನು ಸಿಟ್ಟಿನಿಂದ ಚೀಲ ಕಸಿದುಕೊಂಡು ಹೋಗುತ್ತೇನೆ. ನಡುನೀರಿನಲ್ಲಿ ಗಾಳ ಬಿಟ್ಟು ಒಂದು ತಾಸು ಕಾದು, ಆಮೇಲೆ ಅತ್ತಿತ್ತ ಯಾರೂ ಇಲ್ಲದ್ದು ನೋಡಿ, ಚುರುಮುರಿ ಚೆಲ್ಲುತ್ತೇನೆ.