ಬೆಟ್ಟದ ಬುಡದಲ್ಲಿ ಮನೆ ನೋಡಲು ಹೋದದ್ದು

ಮನೆ ಬದಲಾಯಿಸ್ತೀವಿ ಅಂತ ಯಾರ ಹತ್ರಾನೂ ಬಾಯಿ ಬಿಡಬಾರದು. ಬಿಟ್ರೋ, ಅವತ್ತಿಂದ ನಿಮ್ಮ ಬಾಳು ನಿಮ್ಮ ಕೈಲಿರಲ್ಲ, ಸಿಕ್ಕವರೆಲ್ಲ ಅದಕ್ಕೊಂದು ಕೈ ಹಾಕ್ತಾರೆ. ಈ ವರ್ಷ ಪೂರ್ತಿ ನನಗೆ ಆಗ್ತಾ ಇರೋದು ಅದೇ.

ನಾನು ಚಾಮರಾಜನಗರದಲ್ಲಿ, ನಮ್ಮ ಬಾಯಲ್ಲಿ ಬರೀ ‘ನಗರ’, ಅಲ್ಲಿ ಬ್ಲೌಸ್ ಹೊಲಿಯೋಳು. ಅಂಗಡಿ ಚಿಕ್ಕದು, ಆದ್ರೆ ನನ್ನದೇ. ನಮ್ಮ ಯಜಮಾನ್ರು ಸರ್ಕಾರಿ ಬಸ್ಸಿನ ಡ್ರೈವರ್. ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಸ್ವಂತ ಗಾಡಿ ಬಿಡಲ್ಲವಲ್ಲ, ಕೆಳಗೆ ನಿಲ್ಲಿಸಿ ಬಸ್ಸಲ್ಲೇ ಹತ್ತಬೇಕು. ಆ ಬಸ್ಸು ಓಡಿಸೋ ಕೆಲಸ ಇವರ ಪಾಲಿಗೆ ಬಿತ್ತು. ದಿನಾ ನಗರದಿಂದ ಗುಂಡ್ಲುಪೇಟೆಗೆ ಹೋಗಿ, ಅಲ್ಲಿಂದ ಬೆಟ್ಟ ಹತ್ತಿ ಇಳಿದು, ಹತ್ತಿ ಇಳಿದು, ವಾಪಸ್ ಬರೋ ಹೊತ್ತಿಗೆ ನಾನು ಅರ್ಧ ನಿದ್ದೇಲಿರ್ತೀನಿ. ನಾನು ಏಳೋ ಹೊತ್ತಿಗೆ ಅವರು ಹೊರಟು ಹೋಗಿರ್ತಾರೆ. ನನಗೊಬ್ಬ ಗಂಡ ಇದ್ದಾನೆ ಅನ್ನೋದಕ್ಕೆ ತಂತಿ ಮೇಲೆ ಒಣಗೋ ಖಾಕಿ ಶರ್ಟೇ ಸಾಕ್ಷಿ.

ಬೆಟ್ಟದ ಬುಡದಲ್ಲಿ, ಕಾಡು ಶುರುವಾಗೋಕೆ ಮುಂಚೆ ಸಿಗೋ ಕೊನೇ ಊರಲ್ಲಿ, ಒಂದು ಮನೆ ಖಾಲಿ ಇದೆ ಅಂತ ಯಾರೋ ಅವರ ಕಿವಿಗೆ ಹಾಕಿದ್ರು. ಅವತ್ತಿಂದ ಶುರುವಾಯ್ತು ಜಪ. ಮಂಜಂತೆ, ತಣ್ಣನೆ ಗಾಳಿಯಂತೆ, ಡ್ಯೂಟಿ ಮುಗಿಸಿ ನಡ್ಕೊಂಡೇ ಮನೆಗೆ ಬರಬಹುದಂತೆ. ಅವರಿಗೆ ಬೆಟ್ಟ ಬೇಕು, ನನಗೆ ಅಂಗಡಿ ಬೇಕು, ಇಬ್ಬರಿಗೂ ಒಬ್ಬರಿಗೊಬ್ಬರು ಬೇಕು. ಇಷ್ಟೇ ನೋಡಿ ಸಮಸ್ಯೆ. ಸರಿ, ಒಂದ್ಸಲ ನೋಡಿ ಬರೋಣ ಅಂದೆ. ‘ನೋಡಿ ಬರೋಣ’ ಅಂದ್ರೆ ‘ಒಪ್ಪಿದೀನಿ’ ಅಂತ ಈ ಗಂಡಸರು ಯಾಕೆ ತಿಳ್ಕೋತಾರೋ, ಆ ಗೋಪಾಲಸ್ವಾಮಿಗೇ ಗೊತ್ತು.

ಹೂವಿನ ಹೊಲ

ಮೊದಲ ಸಲ ಹೋದಾಗ ಚೆಂಡುಹೂವಿನ ಕಾಲ. ಗುಂಡ್ಲುಪೇಟೆ ದಾಟಿದ್ರೆ ರಸ್ತೆ ಎರಡೂ ಕಡೆ ಹಳದಿ, ಕೇಸರಿ. ಕೇರಳದಿಂದ ಬಂದ ಕಾರುಗಳು ಸಾಲಾಗಿ ನಿಂತಿರ್ತವೆ, ಜನ ಹೊಲದೊಳಗೆ ನುಗ್ಗಿ ಫೋಟೋ ಹೊಡ್ಕೋತಾರೆ, ಹೊಲದೋರು ಛತ್ರಿ ಕೆಳಗೆ ಕೂತು ಅದಕ್ಕೆ ದುಡ್ಡು ವಸೂಲಿ ಮಾಡ್ತಾರೆ. ಹೂವು ಮಾರಿ ಬರೋದಕ್ಕಿಂತ ಹೂವು ತೋರಿಸಿ ಬರೋದೇ ಜಾಸ್ತಿ ಅಂತ ನಮ್ಮ ಯಜಮಾನ್ರು ಹೇಳಿದ್ರು.

ಹೊಸ ಊರಿಗೆ ಹೋಗ್ತಿದೀನಿ, ಚೆನ್ನಾಗಿ ಕಾಣಬೇಕು ಅಂತ ನಾನು ಕೆನೆ ಬಣ್ಣದ ಜರಿ ಅಂಚಿನ ಸೀರೆ ಉಟ್ಟಿದ್ದೆ. ಅದೇ ಎಡವಟ್ಟಾಯ್ತು. ಬಸ್ ಇಳಿದು ಬದುವಿನ ಮೇಲೆ ನಿಂತು ಬೆಟ್ಟ ಎಲ್ಲಿ ಅಂತ ಕಣ್ಣು ಹಾಯಿಸ್ತಿದ್ದೆ. ಛತ್ರಿ ಕೆಳಗಿದ್ದ ಹೆಂಗಸು ಎದ್ದು ಬಂದು ಮಲಯಾಳದಲ್ಲಿ ಏನೋ ಅಂದು ಕೈ ಚಾಚಿದಳು. ನಾನು ಕನ್ನಡದೋಳೇ ಕಣಮ್ಮ, ನಗರದಿಂದ ಬಂದಿದೀನಿ ಅಂದೆ. ಅವಳು ಒಂದು ಚೂರೂ ಬೇಜಾರು ಮಾಡ್ಕೊಳ್ಳದೆ, ಹಂಗಾದ್ರೆ ಅರ್ಧ ಕೊಟ್ರೆ ಸಾಕು ಅಂದಳು.

ನನಗೆ ರೇಗ್ತು. ಫೋಟೋಗೂ ಬಂದಿಲ್ಲ ಹೂವಿಗೂ ಬಂದಿಲ್ಲ, ಇಲ್ಲೇ ಸಂಸಾರ ಮಾಡೋಕೆ ಮನೆ ನೋಡೋಕೆ ಬಂದಿದೀವಿ ಅಂದೆ. ಜಗಳ ಬೇಡ ಅಂತ ನೋಟನ್ನೂ ಮುಂದೆ ಹಿಡಿದೆ. ಅವಳು ನನ್ನ ಮುಖ ನೋಡಿದಳು, ಸೀರೆ ನೋಡಿದಳು, ಆಮೇಲೆ ನೋಟನ್ನ ನನ್ನ ಕೈಗೇ ಮಡಚಿಟ್ಟಳು.

“ಮಡಿಕ್ಕಳವ್ವ, ಬೇಡ. ಪಾಪ, ನಗರದಲ್ಲಿ ಅಂತಾದ್ದೇನಾಯ್ತು?”

ಯಾರ ಪೈಕಿ?

ಮನೆ ಒಡೆಯ ಒಬ್ಬ ಅಜ್ಜ. ಅರಿಶಿನ, ಬೆಳ್ಳುಳ್ಳಿ ಬೆಳೆಯೋ ಕುಳ. ಬೀಗದ ಕೈ ಸೊಂಟದಲ್ಲೇ ಇತ್ತು, ಆದ್ರೆ ಅದು ಹೊರಗೆ ಬರಬೇಕಾದ್ರೆ ನಾವು ಮೊದಲು ಅರಳಿಕಟ್ಟೇಲಿ ಪಾಸಾಗಬೇಕಿತ್ತು. ಆಧಾರ್ ಕಾರ್ಡು ತೋರಿಸೋಕೆ ಹೋದ್ರೆ ಅಜ್ಜ ಅದನ್ನ ಕಣ್ಣೆತ್ತಿಯೂ ನೋಡಲಿಲ್ಲ. ಏನು ಕೆಲಸ, ಎಷ್ಟು ಜನ, ಮಾಂಸ ತಿಂತೀರಾ, ಎಲ್ಲ ಕೇಳಿದ. ನಾನು ಬ್ಲೌಸ್ ಹೊಲೀತೀನಿ ಅಂದಾಗ ತಲೆ ಆಡಿಸಿದ. ಕೊನೆಗೆ ಅಸಲು ಪ್ರಶ್ನೆ ಬಂತು, ನೀವು ಯಾರ ಪೈಕಿ?

ಗೊತ್ತಿಲ್ಲದೋರಿಗೆ ಮನೆ ಕೊಡೋ ರೂಢಿ ಆ ಊರಲ್ಲಿಲ್ಲ. ಹಂಗಂತ ಇಲ್ಲ ಅಂತ ಮುಖಕ್ಕೆ ಹೊಡ್ದಂಗೆ ಹೇಳೋ ರೂಢೀನೂ ಇಲ್ಲ. ಅದಕ್ಕೇ ಏನು ಮಾಡ್ತಾರೆ ಅಂದ್ರೆ, ನೆಂಟಸ್ತನ ಸಿಗೋವರೆಗೂ ಅಗೀತಾರೆ. ನಮ್ಮಮ್ಮನ ತವರು ಸಂತೆಮರಹಳ್ಳಿ ಅಂದೆ. ಅಷ್ಟು ಸಾಕಾಯ್ತು. ಅಲ್ಲಿ ಯಾವ ಬೀದಿ, ಯಾರ ಮನೆ ಪಕ್ಕ, ಅಜ್ಜಿಗೆ ಒಂದು ಕಣ್ಣು ಮಂಜಾಗಿತ್ತಾ ಅಂತೆಲ್ಲ ಕೇಳಿ, ನಮ್ಮಮ್ಮ ಅವನ ಹೆಂಡತಿಗೆ ತಂಗಿ ವರಸೆ ಅಂತ ಪತ್ತೆ ಮಾಡಿದ. ಅಂದ್ರೆ ನಾನು ಅಜ್ಜನಿಗೆ ಮಗಳಾಗಬೇಕು. ಅಲ್ಲೇ ಯಾರನ್ನೋ ಕಳಿಸಿ ಬಾಳೆಹಣ್ಣು ತರಿಸಿದ.

ಅಷ್ಟಕ್ಕೆ ನಿಲ್ಲಿಸಿದ್ರೆ ಎಲ್ಲ ಚೆನ್ನಾಗಿರ್ತಿತ್ತು. ಅಳಿಯನ ಕಡೆದೂ ನೋಡೇ ಬಿಡೋಣ ಅಂತ ನಮ್ಮ ಯಜಮಾನ್ರನ್ನ ಹಿಡ್ಕೊಂಡ. ಅವರ ತಾತನ ಊರು, ತಾತನ ದೊಡ್ಡಪ್ಪನ ಊರು ಎಲ್ಲ ದಾಟಿ, ಇವರಪ್ಪ ಅಜ್ಜನಿಗೆ ಅಣ್ಣತಮ್ಮ ವರಸೆ ಅಂತ ಗೊತ್ತಾಯ್ತು. ಅಂದ್ರೆ ಇವರು ಅಜ್ಜನಿಗೆ ಮಗ ಆಗಬೇಕು. ಅಜ್ಜ ಖುಷಿಯಾಗಿ ಇವರ ಬೆನ್ನು ತಟ್ಟಿದ. ಕಟ್ಟೆ ಮೇಲೆ ಕೂತಿದ್ದ ಇನ್ನೊಬ್ಬ ಮುದುಕ ಮಾತ್ರ ಬೆರಳು ಮಡಚಿ ಏನೋ ಲೆಕ್ಕ ಹಾಕ್ತಿದ್ದ.

“ಅಂಗಾರೆ ಇವ್ರಿಬ್ರು ಅಣ್ಣ ತಂಗಿ ಆದ್ರಲ್ಲ ಕಣ್ಲಾ” ಅಂದ.

ನಾನು ಬಾಯಲ್ಲಿದ್ದ ಬಾಳೆಹಣ್ಣು ನುಂಗೋದೋ ಬೇಡವೋ ಅಂತ ಹಾಗೇ ಕೂತೆ. ಅಜ್ಜ ತುಂಬ ಹೊತ್ತು ಯೋಚನೆ ಮಾಡಿ, ಆಗಿದ್ದು ಆಗೋಯ್ತು, ಮದುವೆ ಮುರಿಯೋಕಾಗಲ್ಲ ಅಂತ ದೊಡ್ಡ ಮನಸ್ಸು ಮಾಡಿದ.

“ಒಂದು ಕೆಲ್ಸ ಮಾಡನ. ಮಗ್ಳು ಮಗ್ಳಾಗೇ ಇರ್ಲಿ. ಇವ್ನ ಕಡೆ ನೆಂಟಸ್ತನ ಬುಟ್ಬುಡನ.”

ಬೆಟ್ಟ ಬೆಟ್ಟ ಅಂತ ಜೀವ ಬಿಡ್ತಿದ್ದೋರು ಅವರು. ಊರು ಹೊರಗಿನೋರು ಅಂತ ಮಾಡಿದ್ದೂ ಅವರನ್ನೇ.

ಬಚ್ಚಲು

ಮನೆ ಚೆನ್ನಾಗೇ ಇತ್ತು, ಸುಳ್ಳು ಯಾಕೆ ಹೇಳಲಿ. ಕೆಂಪು ನೆಲ, ಹೆಂಚಿನ ಸೂರು. ಬಚ್ಚಲುಮನೆ ಮಾತ್ರ ಹಿತ್ತಲ ಕೊನೇಲಿ, ಅದರ ಹಿಂದೆ ತಂತಿಬೇಲಿ, ಬೇಲಿ ಆಚೆ ಕಾಡು. ಆನೆ ಬರುತ್ತಾ ಅಂತ ಕೇಳಿದೆ. ಅಜ್ಜ ಬಲು ಸಮಾಧಾನವಾಗಿ, ಬರ್ತದೆ, ಆದ್ರೆ ಒಳ್ಳೆ ಆನೆ ಅಂದ.

ಒಳ್ಳೆ ಆನೆ ಅಂದ್ರೆ ಹೆಂಗೆ ಅಂತ ಕೇಳಿದ್ದಕ್ಕೆ, ಬರುತ್ತೆ, ಹಲಸಿನಹಣ್ಣು ತಿನ್ನುತ್ತೆ, ಹೋಗುತ್ತೆ, ಜನರ ತಂಟೆಗೆ ಬರಲ್ಲ ಅಂದ. ಹೋದ ವರ್ಷ ಅಜ್ಜನ ಪಂಪ್‌ಹೌಸ್ ಬೀಳಿಸಿದ್ದು ಬೇರೆ ಆನೆಯಂತೆ, ಅದು ತಮಿಳುನಾಡು ಕಡೆದಂತೆ. ನಾನು ಬಚ್ಚಲಲ್ಲಿದ್ದಾಗಲೇ ಬಂದ್ರೆ ಏನು ಮಾಡಲಿ ಅಂದೆ. ಚಿಲಕ ಹಾಕ್ಕೊಂಡು ಒಳಗೇ ಇರಿ, ಹೋದ ಮೇಲೆ ಬನ್ನಿ ಅಂದ. ಹೋಯ್ತು ಅಂತ ಒಳಗಿರೋಳಿಗೆ ಹೆಂಗೆ ಗೊತ್ತಾಗಬೇಕು?

“ನಾಯಿ ಬೊಗಳೋದ್ನ ನಿಲ್ಲುಸ್ತದೆ ಕಣವ್ವ” ಅಂದ.

ಅದೇನೋ ಸ್ವಲ್ಪ ಧೈರ್ಯ ಬಂತು. ನಾಯಿ ಅಂದ್ರೆ ಎಷ್ಟಾದ್ರೂ ನಾಯಿ, ಕಾವಲಿಗೆ ಒಂದು ಜೀವ ಇದೆಯಲ್ಲ ಅನ್ನಿಸ್ತು. ಆನೆ ಬಂದಾಗ ನಾಯಿ ಎಲ್ಲಿ ನಿಂತು ಬೊಗಳುತ್ತೆ ಅಂತ ಕೇಳಿದೆ. ಅಜ್ಜ ಬಚ್ಚಲ ಬಾಗಿಲು ತಳ್ಳಿ, ಹಂಡೆ ಪಕ್ಕದ ಮೂಲೆ ತೋರಿಸಿದ.

“ಇಲ್ಲೇ. ನಿಮ್ಜೊತೆಗೇ ಇರ್ತದೆ.”

ಅಳತೆ ಬ್ಲೌಸ್

ಇತ್ತ ನಗರದಲ್ಲಿ ಸುದ್ದಿ ಹಬ್ಬಿತ್ತು. ನಾನು ಯಾರಿಗೂ ಹೇಳಿರಲಿಲ್ಲ, ಒಬ್ಬಳಿಗೆ ಮಾತ್ರ ಹೇಳಿದ್ದೆ, ಅಷ್ಟೇ. ಅಂಗಡಿಗೆ ಬಂದೋರೆಲ್ಲ ಕಾಡಿಗೆ ಹೋಗ್ತೀರಂತೆ ಅನ್ನೋರು. ಕಾಡಲ್ಲ ಊರು ಅಂದ್ರೂ ಕೇಳೋರಿಲ್ಲ.

ನಮ್ಮ ಹಳೇ ಗಿರಾಕಿ ಒಬ್ಬರಿದ್ದಾರೆ, ಸ್ಕೂಲ್ ಟೀಚರು. ಮದುವೆ ಬ್ಲೌಸಿನಿಂದ ಹಿಡಿದು ಎಲ್ಲಾನೂ ನನ್ನ ಹತ್ರಾನೇ ಹೊಲಿಸಿದೋರು. ಸುದ್ದಿ ಕೇಳಿದ್ದೇ ಓಡಿ ಬಂದ್ರು. ಸ್ಟೂಲ್ ಮೇಲೆ ಕೂತ್ಕೊಂಡು ಕಣ್ಣಲ್ಲಿ ನೀರು ಹಾಕಿದ್ರು. ನಿಮ್ಮಂಗೆ ತೋಳು ಕೂರಿಸೋರು ಈ ಊರಲ್ಲಿ ಇನ್ಯಾರಿದ್ದಾರೆ ಅಂದ್ರು. ಗಂಡನಿಗೂ ಇಷ್ಟು ಬೇಕಾಗಿಲ್ಲ ನಾನು, ಈ ಊರು ಬಿಟ್ಟು ಎಲ್ಲಿಗೂ ಹೋಗಲ್ಲ ಅಂತ ಆಗಲೇ ಮನಸ್ಸಲ್ಲಿ ಗಟ್ಟಿ ಮಾಡ್ಕೊಂಡೆ. ಅವರ ಕೈ ಹಿಡ್ಕೊಂಡೆ. ಅವರು ಮೂಗು ಒರೆಸ್ಕೊಂಡು ಮೆಲ್ಲಗೆ ಅಂದ್ರು:

“ನನ್ನ ಅಳತೆ ಬ್ಲೌಸು ಈಗ್ಲೇ ಕೊಟ್ಬಿಡ್ತೀರಾ? ಬಸ್‌ಸ್ಟ್ಯಾಂಡ್ ಹತ್ರ ಹೊಸಬಳೊಬ್ಬಳು ಚೆನ್ನಾಗಿ ಹೊಲೀತಾಳಂತೆ.”

ಟೀಗೆ ಇಟ್ಟ ಹಾಲು

ಅಷ್ಟಾದ್ರೂ ನಾನು ಬೇಡ ಅಂತಾನೇ ಇದ್ದೆ. ಒಬ್ಬಳು ಗಿರಾಕಿ ಹೋದ್ರೆ ಅಂಗಡಿ ಮುಚ್ಚಕ್ಕಾಗುತ್ತಾ? ನಮ್ಮ ಯಜಮಾನ್ರಿಗೆ ವಾರದ ರಜೆ ಇದ್ದ ಒಂದು ದಿನ, ಬೆಳಿಗ್ಗೆಯಿಂದ ಸಾಯಂಕಾಲದವರೆಗೆ ಆ ಮನೇಲಿ ಸುಮ್ನೆ ಕೂತು ನೋಡ್ತೀನಿ, ಆಮೇಲೆ ಕಡೇ ಮಾತು ಹೇಳ್ತೀನಿ ಅಂದೆ. ಕಡೇ ಮಾತು ಏನು ಅಂತ ನನಗೆ ಆಗಲೇ ಗೊತ್ತಿತ್ತು. ಅವರಿಗೆ ನೋವಾಗದ ಹಾಗೆ ಹೇಳೋದು ಹೆಂಗೆ ಅನ್ನೋದಷ್ಟೇ ಗೊತ್ತಿರಲಿಲ್ಲ.

ಇನ್ನೊಂದ್ಸಲ ಮನೆ ನೋಡ್ತೀವಿ ಅಂತ ಅಜ್ಜನ ಹತ್ರ ಬೀಗದ ಕೈ ಇಸ್ಕೊಂಡು, ಚಿಕ್ಕ ಗ್ಯಾಸ್ ಸ್ಟೌ, ಒಂದು ಪಾತ್ರೆ, ಟೀಪುಡಿ, ಹಾಲಿನ ಪ್ಯಾಕೆಟ್ ತಗೊಂಡು ಹೋಗಿದ್ವಿ. ಮಂಜು ಎಷ್ಟಿತ್ತು ಅಂದ್ರೆ, ಕಿಟಕಿ ಹತ್ರ ನಿಂತು ಅದೇ ಬೆಟ್ಟ ಅಂತ ಅವರು ಬೆರಳು ತೋರಿಸಿದ ಕಡೆ ಬರೀ ಬಿಳುಪು. ನಾನು ಸ್ಟೌ ಹಚ್ಚಿ ಹಾಲಿಟ್ಟು ಮಾತಿಗೆ ಶುರು ಮಾಡಿದೆ. ಅಂಗಡಿ ಕಟ್ಟೋಕೆ ಪಟ್ಟ ಪಾಡು, ಗಿರಾಕಿಗಳು, ಎಲ್ಲ ಹೇಳಿದೆ. ಅದನ್ನೆಲ್ಲ ಬಿಟ್ಟು ಬಂದು ಇಲ್ಲಿ ಏನು ಮಾಡಲಿ, ಆನೆಗೆ ಬ್ಲೌಸ್ ಹೊಲೀಲಾ ಅಂತ ಕೇಳಿದೆ. ದನಿ ಜೋರಾಗೇ ಹೋಯ್ತು.

ಅವರು ಜಗಳಕ್ಕೆ ಬರಲಿಲ್ಲ. ಕಿಟಕಿ ಬಿಟ್ಟು ಬಂದು ನನ್ನ ಪಕ್ಕ ನೆಲದ ಮೇಲೆ ಕೂತರು.

“ಬೇಡ ಅಂದ್ರೆ ಬೇಡ, ಬಿಡು. ಆದ್ರೆ ನಾವಿಬ್ರೂ ಹಿಂಗೆ ಕೂತು ಜಗಳ ಆಡಿ ಎಷ್ಟು ದಿನ ಆಗಿತ್ತು ಹೇಳು. ನಂಗೆ ಇಷ್ಟಾದ್ರೂ ಸಾಕಿತ್ತು.”

ಅವರ ಗಡ್ಡದಲ್ಲಿ ಬಿಳಿ ಕೂದಲು ಬಂದಿರೋದನ್ನ ನಾನು ನೋಡಿದ್ದೇ ಆವಾಗ. ನಾನೂ ಅವರನ್ನೇ ನೋಡ್ತಾ ಕೂತೆ. ಚುಂಯ್ ಅಂತ ಸದ್ದಾಯ್ತು. ತಿರುಗೋದ್ರೊಳಗೆ ಹಾಲು ಉಕ್ಕಿ, ಸ್ಟೌ ತುಂಬಿ, ಕೆಂಪು ನೆಲದ ಮೇಲೆ ಹರೀತಿತ್ತು.

ಬಾಗಿಲಲ್ಲಿ ಪಕ್ಕದ ಮನೆ ಅಜ್ಜಿ. ಬಂದೋರು ಯಾರು ಅಂತ ಇಣುಕೋಕೆ ಬಂದಿತ್ತು ಅಂತ ಕಾಣುತ್ತೆ, ಕೈಯಲ್ಲಿ ಪೊರಕೆ ಬೇರೆ. ಹಾಲನ್ನ ನೋಡ್ತು, ಅದು ಹರಿಯೋ ದಿಕ್ಕು ನೋಡ್ತು, ಪೊರಕೆ ಕೆಳಗಿಟ್ಟು ಕೈ ಮುಗೀತು.

“ಮೂಡ್ಲಾಗೇ ಉಕ್ತು ಕಣವ್ವ, ಒಳ್ಳೇದಾಯ್ತದೆ” ಅಂತ ಹೇಳಿ, ಆ ವಯಸ್ಸಿಗೆ ಮೀರಿದ ಸ್ಪೀಡಲ್ಲಿ ಬೀದಿಗೆ ಓಡ್ತು.

ಹೊಸ ಮನೆ ಹೊಕ್ಕಾಗ ಮೊದಲು ಹಾಲುಕ್ಕಿಸೋದು ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಹಾಲುಕ್ಕಿತು ಅಂದ್ರೆ ಒಕ್ಕಲು ಬಂದ್ರು ಅಂತಾನೇ ಲೆಕ್ಕ. ನಾನು ನೆಲ ಒರೆಸೋ ಬಟ್ಟೆ ಹುಡುಕೋದ್ರೊಳಗೆ ಅರ್ಧ ಊರು ಅಂಗಳದಲ್ಲಿತ್ತು, ಅದೂ ಸಿಟ್ಟಾಗಿ. ಯಾರಿಗೂ ಒಂದು ಮಾತು ಹೇಳದೆ ಕದ್ದು ಒಕ್ಕಲು ಬಂದ್ರಲ್ಲ, ಇಷ್ಟಕ್ಕೂ ನಾವೇನು ಬೇಡ ಅಂತಿದ್ವಾ ಅಂತ ಮನೆ ಒಡೆಯ ಅಜ್ಜ ಮುನಿಸ್ಕೊಂಡು ನಿಂತಿದ್ದ. ಟೀಗೆ ಇಟ್ಟಿದ್ದು ಕಣಪ್ಪ, ಮರೆತು ಉಕ್ಕೋಯ್ತು ಅಂತ ನಾನು ಆಣೆ ಮಾಡಿದೆ.

“ಟೀಗೆ ಇಟ್ಟಿದ್ದು ನೀನು. ಉಕ್ಕಿಸ್ದೋನು ಮ್ಯಾಲಿರೋ ಗೋಪಾಲಸ್ವಾಮಿ” ಅಂದ ಅಜ್ಜ. ನಮ್ಮ ಯಜಮಾನ್ರು ತಲೆ ಬಗ್ಗಿಸ್ಕೊಂಡು ಕರ್ಚೀಫಲ್ಲಿ ಹಾಲು ಒರೆಸ್ತಿದ್ರು. ಪಕ್ಕ ಬಂದು ಕೂತಾಗ ಸ್ಟೌ ಉರಿ ಜಾಸ್ತಿ ಮಾಡಿದ್ದು ಅವರೇ ಅಂತ ನನಗೆ ಇವತ್ತಿಗೂ ಅನುಮಾನ.

ಅಷ್ಟರಲ್ಲಿ ಹೆಂಗಸರು ಒಳಗೆ ಬಂದೇ ಬಿಟ್ಟರು. ನನ್ನನ್ನ ಮಣೆ ಮೇಲೆ ಕೂರಿಸಿ ಅರಿಶಿನ ಕುಂಕುಮ ಇಟ್ಟು, ಹೂವು ಮುಡಿಸಿ, ಒಬ್ಬೊಬ್ಬರೂ ಒಂದೊಂದು ಬ್ಲೌಸ್‌ಪೀಸನ್ನ ಮಡಿಲಿಗೆ ಹಾಕ್ತಾ ಹೋದ್ರು. ಹಸಿರು, ನೇರಳೆ, ಕನಕಾಂಬರ, ನನ್ನ ಮಡಿಲು ತುಂಬಿ ನೆಲಕ್ಕೆ ಬಿತ್ತು. ಗುರುತಿಲ್ಲದ ಊರು, ಗೊತ್ತಿಲ್ಲದ ಜನ, ಇಷ್ಟೊಂದು ಪ್ರೀತಿ. ನನಗೆ ಅಳು ತಡೆಯೋಕಾಗಲಿಲ್ಲ. ಇಂಥೋರಿಗೆ ಮೋಸ ಮಾಡಬಾರದು ಅಂತ ಗಟ್ಟಿ ಮನಸ್ಸು ಮಾಡಿ, ತಪ್ಪು ತಿಳೀಬೇಡಿ, ನಾವು ಇಲ್ಲಿಗೆ ಬರೋದು ಇನ್ನೂ ಗ್ಯಾರಂಟಿ ಇಲ್ಲ, ಇಷ್ಟೊಂದು ಉಡುಗೊರೆ ನಾನು ಇಟ್ಕೊಳ್ಳಂಗಿಲ್ಲ, ವಾಪಸ್ ತಗೊಳ್ಳಿ ಅಂದೆ.

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡ್ಕೊಂಡ್ರು. ಪೊರಕೆ ಅಜ್ಜಿ ಮುಂದೆ ಬಂತು.

“ಉಡುಗೊರೆ ಅಂತ ಯಾರವ್ವ ಯೋಳುದ್ರು? ಈ ಊರಲ್ಲಿ ಒಲಿಯೋರಿಲ್ಲ. ಒಂದು ರವಿಕೆಗೆ ಗುಂಡ್ಲುಪೇಟೆ ಗಂಟ ಓಗ್ಬೇಕು. ಸ್ವಾಮಾರದ ಒತ್ಗೆ ಒಲ್ದು ಕೊಟ್ಬುಡು.”

ನನ್ನ ಬಾಯಿ ಆಗಲ್ಲ ಅನ್ನೋಕೆ ಹೊರಟಿತ್ತು. ಕೈ ಆಗಲೇ ಬ್ಯಾಗಿಂದ ಟೇಪ್ ತೆಗೆದು ಅಜ್ಜಿ ಭುಜದ ಮೇಲಿಟ್ಟಿತ್ತು. ವಯಸ್ಸಾದ ಜೀವ, ಮೈ ಮುಚ್ಚೋ ಹಾಗೆ ಕತ್ತು ಮೇಲಕ್ಕೇ ಇಡ್ತೀನಿ ಅಂದೆ. ಅಜ್ಜಿ ನನ್ನ ಕೈ ಹಿಡಿದು, ಟೇಪನ್ನ ಬೆನ್ನ ಮೇಲೆ ಕೆಳಗೆ, ಇನ್ನೂ ಕೆಳಗೆ ಎಳೀತು.

“ಇಲ್ಲೀಗಂಟ ಇಳ್ಸು. ಬೆಟ್ಟದ ಬಸ್ಸಿಗೆ ಬರೋರೆಲ್ಲ ಇಂಗೇ ಆಕಂಡ್ ಬತ್ತರೆ, ನಾವೇನ್ ಪಾಪ ಮಾಡಿದ್ದು?”