ಗ್ರಿಸೆಲ್ದಾಳ ವಾಲ್ಟ್ಸ್

ಬಟ್ಟೆ ವ್ಯಾಪಾರಿಯ ಕಣ್ಣಿಂದ ಅಳೆದರೆ ನನ್ನ ಮಗಳು ಗ್ರಿಸೆಲ್ದಾ ಅಪ್ಪಟ ಲಿನನ್. ಬೇಗ ಸುಕ್ಕಾಗುತ್ತಾಳೆ, ಆದರೆ ಬಣ್ಣ ಬಿಡುವುದಿಲ್ಲ. ಸುಮ್ಮನೆ ಏನನ್ನೂ ಬೇಡುವವಳಲ್ಲ. ಅಂಥವಳು ಆ ವರ್ಷ ಒಂದೇ ಒಂದು ಕೇಳಿದಳು.

"ಪಪ್ಪಾ, ನನ್ನ ಹದಿನೈದರ ಹಬ್ಬಕ್ಕೆ ನೀನು ನನ್ ಜೊತೆ ವಾಲ್ಟ್ಸ್ ಕುಣೀಬೇಕು. ಅರ್ಧಕ್ಕೆ ಬಿಟ್ಟು ಗಿರಾಕಿ ಹಿಂದೆ ಹೋಗಬಾರದು."

ನಮ್ಮ ರೊಸಾರಿಯೋದಲ್ಲಿ ಹುಡುಗಿಗೆ ಹದಿನೈದು ತುಂಬಿದರೆ ಮೊದಲ ಕುಣಿತ ತಂದೆಯದು. ಮದುವೆಯನ್ನಾದರೂ ಇನ್ನೊಂದು ಸಲ ಮಾಡಿಕೊಳ್ಳಬಹುದು, ಹದಿನೈದು ಮತ್ತೆ ಬರುವುದಿಲ್ಲ.

"ಕುಣಿಯೋದೇನು, ಆ ವಾಲ್ಟ್ಸನ್ನೇ ನಾನು ಬರೀತೀನಿ," ಎಂದು ಸಾರಿಬಿಟ್ಟೆ.

ಅಂಗಡಿ ಲೆಕ್ಕಕ್ಕೆಂದು ತಂದ, ಟಿವಿಗೆ ಸಿಕ್ಕಿಸುವ ಪುಟ್ಟ ಕಂಪ್ಯೂಟರ್ ಮನೆಯಲ್ಲಿತ್ತು. ಒಂದು ದಿನವೂ ಅದು ಲೆಕ್ಕ ಮಾಡಿದ್ದಿಲ್ಲ. ಆದರೆ ಬೇಸಿಕ್ ಎಂಬ ಅದರ ಭಾಷೆಯಲ್ಲಿ ‘ಪ್ಲೇ’ ಎಂದು ಬರೆದು ಸ್ವರಗಳ ಅಕ್ಷರಗಳನ್ನು ಸಾಲಾಗಿ ಜೋಡಿಸಿದರೆ ಹಾಡುತ್ತಿತ್ತು.

"ನಿಂಗೆ ಶಿಳ್ಳೆ ಹಾಕೋಕೂ ಬರಲ್ವಲ್ಲೋ, ಎಲಾದಿಯೋ," ಎಂದಳು ಹೆಂಡತಿ ನೆಲಿದಾ.

"ಸಂಗೀತ ಅಂದ್ರೆ ಬಟ್ಟೆ ಇದ್ದಂಗೆ ಕಣೇ. ಉದ್ದ ಸ್ವರ, ಗಿಡ್ಡ ಸ್ವರ. ಅಳೆದು ಕತ್ತರಿಸಿದ್ರೆ ಆಯ್ತು."

ಊರೆಲ್ಲ ಬಾಗಿಲು ಮುಚ್ಚಿ ಮಲಗುವ ಮಧ್ಯಾಹ್ನಗಳು. ಕಿಟಕಿಯ ಸೀಳಿನ ಬೆಳಕಿನಲ್ಲಿ ಧೂಳು ತೇಲುತ್ತಿರುತ್ತಿತ್ತು. ಟಿವಿಯಿಂದ ಒಂದೊಂದೇ ಸ್ವರ ಸೋಪಿನ ಗುಳ್ಳೆಯಂತೆ ಏಳುತ್ತಿತ್ತು. ಊಟದ ಮೇಜು ಮೆಲ್ಲಗೆ ಸುತ್ತಿದಂತೆ, ಮಗಳ ಬಿಳಿ ಗೌನು ಪರಾನಾ ನದಿಯ ಮೇಲೆ ತೇಲಿಹೋದಂತೆ ನನಗೆ ಕಾಣುತ್ತಿತ್ತು. ನದಿ ಇದ್ದ ಮೇಲೆ ಅಲೆ ಬೇಡವೇ? ಹಾಡಿನ ಕೊನೆಗೆ ಅಲೆಯ ಸದ್ದನ್ನೂ ಸೇರಿಸಿದೆ. ನೆಲಿದಾ ಹಾಸಿಗೆಯಿಂದ ಎದ್ದು ಓಡಿ ಗ್ಯಾಸ್ ಮುಚ್ಚಿದಳು.

"ಸೋರ್ತಿರೋದು ಗ್ಯಾಸ್ ಅಲ್ಲ ಕಣೇ, ಅದು ನದಿ."

"ನದೀನಾ? ಹಾಗಾದ್ರೆ ನಿನ್ನ ಅದರಲ್ಲೇ ಮುಳುಗಿಸ್ತೀನಿ. ಮಲಗೋಕೆ ಬಿಡು."

ನಡುವೆ ಒಂದು ಸ್ವರ ಮಾತ್ರ ಸೊಂಟ ಸಡಿಲಾದ ಪ್ಯಾಂಟಿನಂತೆ ಜಾರುತ್ತಿತ್ತು. ತಪ್ಪು ಎಲ್ಲಿದೆಯೆಂದು ಸಿಗಲಿಲ್ಲ. ಗಿರಾಕಿಗಳು ಗಮನಿಸುವುದಿಲ್ಲ ಎಂದು ಬಿಟ್ಟುಬಿಟ್ಟೆ. ಆ ಯಂತ್ರಕ್ಕೆ ಸ್ವಂತ ನೆನಪಿಲ್ಲ. ಬರೆದದ್ದನ್ನು ಮಾಮೂಲಿ ಕ್ಯಾಸೆಟ್ಟಿಗೆ ತುಂಬಿಸಿ ಇಡಬೇಕು. ತುಂಬಿಸಿದೆ. ಮೇಲೆ ‘ಗ್ರಿಸೆಲ್ದಾಳ ವಾಲ್ಟ್ಸ್’ ಎಂದು ಚೆಂದಾಗಿ ಬರೆದು, ಹಬ್ಬದಲ್ಲಿ ಹಾಡು ಹಾಕುವ ಹೊಣೆ ಹೊತ್ತ ಭಾವಮೈದುನ ಒರೆಸ್ತೆಯ ಕೈಗಿತ್ತೆ.

ಹಬ್ಬದ ರಾತ್ರಿ ಸಭಾಂಗಣದ ದೀಪಗಳು ಮಂಕಾದವು. ನಾನು ಮಗಳ ಕೈ ಹಿಡಿದೆ. ಅತ್ತೆ ಅಳಲು ಸಿದ್ಧರಾಗಿ ಕರವಸ್ತ್ರ ತೆಗೆದರು. ಒರೆಸ್ತೆ ಗುಂಡಿ ಒತ್ತಿದ.

ಕ್ರೀಈಈಈ... ಕರಕರಕರ... ಕ್ರೀಈಈಈ...

ಬಾಲ ಸಿಕ್ಕಿಕೊಂಡ ಬೆಕ್ಕು ತಗಡು ಪರಚಿದ ಹಾಗೆ. ಅತ್ತೆ ಕರವಸ್ತ್ರವನ್ನು ಕಿವಿಗೆ ತುರುಕಿಕೊಂಡರು. ಆಗ ನನಗೆ ಜ್ಞಾನೋದಯವಾಯಿತು. ಕ್ಯಾಸೆಟ್ಟಿನಲ್ಲಿದ್ದದ್ದು ಹಾಡಲ್ಲ, ಹೇಗೆ ಹಾಡಬೇಕೆಂದು ಕಂಪ್ಯೂಟರಿಗೆ ಹೇಳುವ ಗುಟ್ಟಿನ ಭಾಷೆ. ಕಂಪ್ಯೂಟರೋ, ಮನೆಯ ಊಟದ ಮೇಜಿನ ಮೇಲಿತ್ತು. ಮದುಮಗನಿಗೆ ಕೋಟಿನ ಬದಲು ಕೋಟಿನ ಅಳತೆ ಚೀಟಿ ತೊಡಿಸಿದ ದರ್ಜಿ ನಾನು.

"ಭಾವ, ಇದು ಹೊಸ ಥರದ ಸಂಗೀತನಾ? ಇನ್ನೂ ಜೋರು ಮಾಡ್ಲಾ?" ಎಂದು ಒರೆಸ್ತೆ ಕೂಗಿದ.

"ಇವನೇ ಬರೆದಿದ್ದು," ಎಂದು ನೆಲಿದಾ ಪಕ್ಕದವರಿಗೆ ಹೇಳುತ್ತಿದ್ದಳು. "ಅಡುಗೇನೂ ಹಿಂಗೇ ಮಾಡ್ತಾನೆ."

ಗ್ರಿಸೆಲ್ದಾಳ ಗಲ್ಲ ನಡುಗಿತು. ಲಿನನ್ ಸುಕ್ಕಾಗುವ ಮೊದಲ ಗೆರೆ ನನಗೆ ಗೊತ್ತು. ಮನೆಗೆ ಓಡಿ ಕಂಪ್ಯೂಟರ್ ತರೋಣವೆಂದು ಬಾಗಿಲ ಕಡೆ ನೋಡಿದೆ. ಅವಳ ಹಿಡಿತ ಬಿಗಿಯಾಯಿತು.

"ಅರ್ಧಕ್ಕೆ ಬಿಟ್ಟು ಹೋಗಬಾರದು ಅಂದಿದ್ದೆ."

"ಹಾಡೇ ಇಲ್ವಲ್ಲ ಮಗಳೇ."

"ಇದೆ. ದಿನಾ ಮಧ್ಯಾಹ್ನ ಗೋಡೆ ಆಚೆಯಿಂದ ಕೇಳಿ ಕೇಳಿ ಬಾಯಿಪಾಠ ಆಗಿದೆ." ಆಮೇಲೆ ಜೋರಾಗಿ, "ಒರೆಸ್ತೆ ಮಾವ, ಅದನ್ನ ನಿಲ್ಸು."

ಒರೆಸ್ತೆ ನಿಲ್ಲಿಸಿದ. ನನ್ನ ಭುಜಕ್ಕೆ ತಲೆಯಿಟ್ಟು ಅವಳು ಗುನುಗತೊಡಗಿದಳು. ಸೋಪಿನ ಗುಳ್ಳೆಗಳು ಮತ್ತೆ ಎದ್ದವು. ದೀಪಗಳು, ಕುರ್ಚಿಗಳು, ನೆಂಟರ ಮುಖಗಳು ಎಲ್ಲವೂ ಮೆಲ್ಲಗೆ ಸುತ್ತಿದವು. ನಡುವೆ ಆ ಸ್ವರ ಬಂತು. ನನ್ನ ಯಂತ್ರ ಜಾರಿದಂತೆಯೇ ಅವಳ ದನಿಯೂ ಜಾರಿತು. ಸರಿಯಾಗಿ ಅಲ್ಲೇ ನಾನು ಅವಳ ಕಾಲು ತುಳಿದೆ.

"ಪಪ್ಪಾ, ಇಲ್ಲಿ ಒಂದು ಸ್ವರ ತಪ್ಪಿದೆ."

"ಗಿರಾಕಿಗಳು ಗಮನಿಸಲ್ಲ ಅಂದ್ಕೊಂಡೆ."

"ನಾನು ಗಿರಾಕಿ ಅಲ್ಲ."

ಕೊನೆಗೆ ಬಾಯಿಂದಲೇ ‘ಶ್ಶ್ಶ್’ ಎಂದು ಅಲೆಯ ಸದ್ದನ್ನೂ ಮಾಡಿದಳು. ನೆಲಿದಾ ಗ್ಯಾಸ್ ಮುಚ್ಚಲು ಕುರ್ಚಿಯಿಂದ ಅರ್ಧ ಎದ್ದಿದ್ದನ್ನು ನಾನೊಬ್ಬನೇ ನೋಡಿದೆ.

ಈಗಲೂ ಮಧ್ಯಾಹ್ನ ಊರು ಮಲಗಿದಾಗ ಟಿವಿಯ ಮುಂದೆ ಕೂರುತ್ತೇನೆ. ನನ್ನ ಮಗಳಿಗೆ ನಾನು ಒಂದು ಸರಿಯಾದ ಸ್ವರ ಕೊಡುವುದು ಬಾಕಿ ಇದೆ.