ಮಾವನ ನವಾಂಶ ಮತ್ತು ಕೂಡ್ಲಿಗಿ ಬಸ್ಸು

ನಮ್ಮ ಸೋದರಮಾವನ ಕೈಗೆ ಬ್ರಹ್ಮ ಸಿಕ್ಕರೆ ಅವನನ್ನೂ ಬಿಡುವವನಲ್ಲ. "ಬರ್ರಿ, ಕುಂದರ್ರಿ, ಹುಟ್ಟಿದ ಟೈಮ್ ಹೇಳ್ರಿ" ಎಂದೇ ಶುರು!

ಕಾನಹೊಸಹಳ್ಳಿಯಲ್ಲಿ ಮಾವನದು ಪಂಪ್‌ಸೆಟ್ ರಿಪೇರಿ ಅಂಗಡಿ. ಹೊಟ್ಟೆಪಾಡು ಮೋಟರಿನದು, ಹುಚ್ಚು ಜಾತಕದ್ದು. "ರಾಶಿ ಕುಂಡಲಿ ಅಂದ್ರ ಮೋಟ್ರಿನ ಬಾಡಿ ಲೇ ಅಳಿಯಾ. ಮ್ಯಾಲೆ ಬಣ್ಣ ಬಳದಿರ್ತಾರ, ನಂಬಬ್ಯಾಡ. ಬಿಚ್ಚಿ ವೈಂಡಿಂಗ್ ನೋಡಬೇಕು. ಅದು ನವಾಂಶ! ಮದುವಿ ಹೆಂಗ ನಡೀತೈತಿ ಅಂತ ಅಲ್ಲೇ ಗೊತ್ತಾಗಾದು." ರಾಶಿಯನ್ನು ಒಂಬತ್ತು ತುಂಡು ಮಾಡಿದರೆ ನವಾಂಶ; ಹತ್ತು ಮಾಡಿದರೆ ಉದ್ಯೋಗ ಹೇಳುವ ದಶಾಂಶ. ಅರವತ್ತು ಮಾಡುವುದೂ ಉಂಟಂತೆ. ನಮ್ಮಮ್ಮ ಈರುಳ್ಳಿಯನ್ನೂ ಅಷ್ಟು ಸಣ್ಣಗೆ ಹೆಚ್ಚುವುದಿಲ್ಲ!

ಒಮ್ಮೆ ಸುಟ್ಟ ಮೋಟರು ತಂದ ರೈತನಿಗೆ "ಎಷ್ಟು ಗಂಟಿಗೆ ಸುಡ್ತು?" ಎಂದು ಕೇಳಿ ಅದಕ್ಕೂ ಕುಂಡಲಿ ಹಾಕತೊಡಗಿದ. "ಯಣ್ಣಾ, ಅದಕ್ಕೇನು ಹೆಣ್ಣು ನೋಡಾದು ಐತೇನು? ವೈಂಡಿಂಗ್ ಮಾಡಿಕೊಡು, ಸಾಕು" ಎಂದ ಅವನು.

ಆದರೆ ನಿಯತ್ತು ಮಾತ್ರ ಗಟ್ಟಿ. ಹರಪನಹಳ್ಳಿ ಕಡೆಯ ಪುಢಾರಿಯೊಬ್ಬ ಬಂದು, "ಟೈಮ್ ಎರಡು ನಿಮಿಷ ಸರಿಸಿದ್ರ ದಶಾಂಶದಾಗ ರಾಜಯೋಗ ಬರ್ತೈತಂತಲ್ರಿ" ಎಂದ. ಮಾವ ಕೆಂಡಾಮಂಡಲ! "ಗ್ರಹ ಏನು ನಿಮ್ಮ ಕಾರ್ಯಕರ್ತರೇನ್ರಿ, ಕರೆದ ಕಡಿ ಬರಾಕ? ಎಲೆಕ್ಷನ್ ಟಿಕೆಟ್ ಸಿಗಂಗಿಲ್ಲ. ಬಸ್ಸಿನ ಟಿಕೆಟ್ ಸಿಗತೈತಿ, ಹತ್ರಿ!"

ಈ ನಿಯತ್ತಿಗೆ ಮೊದಲು ಬಲಿಯಾದವನೂ ಮಾವನೇ. ಅವನ ನವಾಂಶದ ಏಳನೇ ಮನೆಯಲ್ಲಿ, ಅಂದರೆ ಮದುವೆಯ ಮನೆಯಲ್ಲೇ, ಕುಜ. ಮೆಚ್ಚಿದ ಹುಡುಗಿಯ ಕಡೆಯವರು ಅದನ್ನೇ ತೋರಿಸಿ ಬೇಡವೆಂದರು. ಮಾವ ಹೌದೆಂದು ಒಪ್ಪಿಕೊಂಡು ಒಂಟಿಯಾಗಿ ಉಳಿದ.

ನಮ್ಮಕ್ಕನಿಗೂ ಅದೇ ಕುಜ, ಅದೇ ಏಳನೇ ಮನೆ! ಬಂದ ಸಂಬಂಧಗಳೆಲ್ಲ ವಾಪಸು. ಕೊನೆಗೆ ಬಂದ ಕೊಟ್ಟೂರಿನ ಹುಡುಗ ಅಕ್ಕನಿಗೆ ಬಹಳ ಹಿಡಿಸಿದ್ದ. "ಇದೂ ತಪ್ಪಿದ್ರ ಇನ್ಯಾರ ಮುಂದೂ ಕುಂದ್ರಂಗಿಲ್ಲ" ಎಂದು ಅಮ್ಮನಿಗೆ ಹೇಳಿಬಿಟ್ಟಿದ್ದಳು. ಹುಡುಗನ ಅಪ್ಪ ಜಾತಕ ನೋಡಿ ಕನ್ನಡಕ ತೆಗೆದರು. "ನವಾಂಶದಾಗ ಕುಜ ಏಳರಾಗ ಅದಾನಲ್ರಿ..." ಅಕ್ಕ ಅಡುಗೆಮನೆ ಬಾಗಿಲಲ್ಲಿ ನಿಂತು ಮಾವನ ಮುಖವನ್ನೇ ನೋಡಿದಳು.

ಮಾವ ಗಂಟಲು ಸರಿಮಾಡಿಕೊಂಡ. "ಟೈಮೇ ತಪ್ಪೈತಿ ಬೀಗ್ರೇ." ಆಗಲೇ ಬೀಗರು! "ಹೆರಿಗಿ ಆಗಿದ್ದು ತವರಿನಾಗ, ನಮ್ಮನಿಯಾಗ. ಗಡಿಯಾರ ಕೆಟ್ಟಿತ್ತು. ಕೂಡ್ಲಿಗಿ ಬಸ್ಸು ಬಂದಾಗ ಹುಟ್ಟಿತು ಅಂತ ಬಸ್ಸಿನ ಟೈಮೇ ಬರೆಸಿದ್ವಿ. ಅವತ್ತು ಬಸ್ಸು ಕಾಲು ಗಂಟಿ ಲೇಟ್ ಇತ್ರಿ!"

ಕಾಲು ಗಂಟೆಗೆ ನವಾಂಶದ ಲಗ್ನ, ಅಂದರೆ ಎಣಿಕೆ ಶುರುವಾಗುವ ಮನೆ, ಒಂದು ಮನೆ ಮುಂದೆ ಹೋಯಿತು. ಕುಜ ಏಳರಿಂದ ಆರಕ್ಕೆ ಇಳಿದ. ನಮ್ಮ ಕಡೆ ಬಸ್ಸು ಲೇಟೆಂದರೆ ನಂಬದವರು ಯಾರಿದ್ದಾರೆ? ಬೀಗರು ನಕ್ಕು ಎಲೆ ಅಡಿಕೆ ತೆಗೆದುಕೊಂಡರು.

ಮದುವೆ ಊಟಕ್ಕೆ ಮಾವನ ಪಕ್ಕದಲ್ಲೇ ಕುಳಿತೆ.

"ಮಾವಾ, ಅವತ್ತು ಬಸ್ಸು ಖರೇನ ಲೇಟ್ ಇತ್ತಾ?"

"ಇಲ್ಲಲೇ. ಸರಿಯಾದ ಟೈಮಿಗೇ ಬಂದಿತ್ತು. ನಾನೇ ಬಾಗಿಲಾಗ ನಿಂತಿದ್ದೆ."

"ಹಂಗಾರ ನಿನ್ನ ಜಾತಕಕ್ಕೂ ಒಂದು ಬಸ್ಸು ಲೇಟ್ ಮಾಡಬೌದಿತ್ತಲ್ಲ?"

ಮಾವ ಹುಗ್ಗಿಗೆ ತುಪ್ಪ ಹಾಕಿಸಿಕೊಂಡು ಕಲಸಿದ.

"ನನಗ ಸೋದರಮಾವ ಇರಲಿಲ್ಲಲ್ಲೋ" ಎಂದ.